ಪುರವೀಥಿಯಲ್ಲಿ ಚಿತ್ರ

ಚಿತ್ರಕಲೆಯನ್ನು ಚಿತ್ರಶಾಲೆಯ ನಾಲ್ಕು ಗೋಡೆಗಳಿಂದ ಬಿಡಿಸಿ ಊರಿನ ಬೀದಿಗೆ, ಸಂತೆಗೆ, ನಿಲ್ದಾಣಕ್ಕೆ ತರಬೇಕೆಂಬ ಮಾತು ಈಚಿನ ದಶಕಗಳಲ್ಲಿ ಬೆಂಗಳೂರಿನಲ್ಲಿ ಬಲವಾಗಿ ಕೇಳಿಬಂದಿದೆ. ಅದು ಬರಿಯ ಮಾತಾಗಿ ಉಳಿಯದೆ ಹಲವು ಬಗೆಯಲ್ಲಿ ಕಾರ್ಯರೂಪಕ್ಕೂ ಬಂದಿದೆ. ಉದ್ದೇಶವು ಶ್ಲಾಘ್ಯವೆಂಬಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆದರೆ ಉದ್ದೇಶ ಶ್ಲಾಘ್ಯವಾದ ಮಾತ್ರಕ್ಕೆ ಕಾರ್ಯವು ವಿಮರ್ಶೆಯಿಂದ ತಪ್ಪಿಸಿಕೊಳ್ಳಲಾಗದಷ್ಟೆ. ‘ಕಲೆಯನ್ನು ಜನರ ಬಳಿಗೆ ಒಯ್ಯುವುದು’ ಎಂಬ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲೆತುಕೊಂಡಿವೆ. ಜನ ಓಡಾಡುವ ಸ್ಥಳದಲ್ಲಿ ಚಿತ್ರವನ್ನು ಇಡುವುದು ಒಂದು. ಅಲ್ಲಿ ಓಡಾಡುವವನು ಅದನ್ನು ನೋಡುವಂತಾಗುವುದು ಮತ್ತೊಂದು. ಮೊದಲನೆಯದು ನಡೆದೊಡನೆ ಎರಡನೆಯದೂ ನಡೆದುಹೋಯಿತೆಂದು ಭಾವಿಸುವುದು ಈ ಬಗೆಯ ಪ್ರಯತ್ನಗಳಲ್ಲೆಲ್ಲ ಕಂಡುಬರುವ ಸಾಮಾನ್ಯ ದೋಷ. ಎಲೆಗೆ ಬಡಿಸಿದುದೆಲ್ಲ ಉಂಡಂತಾಗುವುದಿಲ್ಲ.

ಚಿತ್ರಶಾಲೆಗೆ ಹೋಗುವವನು ನೋಡಬೇಕೆಂದೇ ಮನೆಯಿಂದ ಹೊರಟವನು. ಬೀದಿಯಲ್ಲಿ ಹೋಗುವವನು ಹಾಗಲ್ಲ. ಅವನಿಗೆ ಕಚೇರಿಯ ಹೊತ್ತು, ಆಸ್ಪತ್ರೆಯ ಚಿಂತೆ, ತರಕಾರಿಯ ಬೆಲೆ, ಬಸ್ಸು ತಪ್ಪೀತೆಂಬ ಭಯ. ಅಭಿನವಗುಪ್ತನು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ರಸಪ್ರತೀತಿಗೆ ಅಡ್ಡ ಬರುವ ಏಳು ವಿಘ್ನಗಳನ್ನು ಹೇಳುವಾಗ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನೂ ಅವುಗಳಲ್ಲಿ ಒಂದಾಗಿ ಎಣಿಸಿದ್ದಾನೆ. ತನ್ನ ಕಷ್ಟದಲ್ಲಿಯೇ ಮುಳುಗಿರುವವನಿಗೆ ಬೇರೊಂದು ವಸ್ತುವಿನಲ್ಲಿ ಮನಸ್ಸು ನೆಲೆಗೊಳ್ಳುವುದೆಂತು? ನಾಟ್ಯದಲ್ಲಿ ವಾದ್ಯ, ಗಾನ, ವಿಚಿತ್ರವಾಗಿ ಅಲಂಕೃತವಾದ ಮಂಟಪ ಮೊದಲಾದವುಗಳಿಂದ ಈ ವಿಘ್ನವು ಪರಿಹಾರವಾಗುವುದೆಂದು ಆತನ ಮತ. ರಂಗಮಂದಿರದೊಳಗೆ ಕಾಲಿಟ್ಟವನ ಮನಸ್ಸನ್ನು ಮೊದಲು ತಿಳಿಗೊಳಿಸಿ ಆಮೇಲೆ ರಸಕ್ಕೆ ಒಪ್ಪಿಸುವ ಸಿದ್ಧತೆ ಅದು. ಚಿತ್ರಶಾಲೆಯ ಮೌನ, ಬೆಳಕು, ಬಿಳಿಯ ಗೋಡೆ ಇವೂ ಅದೇ ಕೆಲಸವನ್ನು ಮಾಡುವ ಸಾಧನಗಳು. ಬೀದಿಯ ಚಿತ್ರಕ್ಕೆ ಈ ಸಹಾಯವೊಂದೂ ಇಲ್ಲ. ಸಹಾಯವಿಲ್ಲದಿರುವುದು ಮಾತ್ರವಲ್ಲ, ವಿಘ್ನದ ನಡುವೆಯೇ ಅದು ನಿಂತಿದೆ. ಆದುದರಿಂದ ಬೀದಿಯ ಚಿತ್ರವನ್ನು ಅಳೆಯುವಾಗ ರೇಖೆ ಹೇಗಿದೆ, ಬಣ್ಣ ಹೇಗಿದೆ ಎಂದು ಕೇಳುವುದಕ್ಕೆ ಮುಂಚೆ, ಈ ವಿಘ್ನವನ್ನು ಅದು ಹೇಗೆ ಎದುರಿಸಿದೆ ಎಂದು ಕೇಳಬೇಕಾಗುತ್ತದೆ.

ಎದುರಿಸುವುದಕ್ಕೆ ಎರಡು ದಾರಿಗಳಿವೆ. ದಾರಿಹೋಕನಿಗೆ ಅವನ ಚಿಂತೆಯಿಂದ ಸ್ವಲ್ಪ ಬಿಡುವನ್ನು ಕೊಡುವುದು ಒಂದು. ಆ ಚಿಂತೆಯನ್ನೇ ಚಿತ್ರದ ವಸ್ತುವನ್ನಾಗಿ ಮಾಡಿಕೊಳ್ಳುವುದು ಇನ್ನೊಂದು. ಎರಡಕ್ಕೂ ಪ್ರಾಚೀನರಲ್ಲಿ ದೃಷ್ಟಾಂತಗಳುಂಟು.

ಎರಡನೆಯದಕ್ಕೆ ಬಾಣನ ‘ಹರ್ಷಚರಿತ’ದಲ್ಲಿ ಬರುವ ಒಂದು ಸನ್ನಿವೇಶವು ಅತ್ಯಂತ ಸ್ವಾರಸ್ಯವಾದುದು. ತಂದೆಯಾದ ಪ್ರಭಾಕರವರ್ಧನನು ಕಾಯಿಲೆಯಿಂದ ಮಲಗಿರುವನೆಂಬ ಸುದ್ದಿಯನ್ನು ಕೇಳಿ ಹರ್ಷನು ಬೇಟೆಯನ್ನು ಬಿಟ್ಟು ರಾಜಧಾನಿಗೆ ಧಾವಿಸಿ ಬರುತ್ತಾನೆ. ಅಂಗಡಿ ಬೀದಿಯನ್ನು ಹೊಕ್ಕೊಡನೆ ಅವನ ಕಣ್ಣಿಗೆ ಬೀಳುವವನು ಯಮಪಟ್ಟಿಕ, ಎಂದರೆ ಯಮಲೋಕದ ಚಿತ್ರಗಳನ್ನು ಬರೆದ ಬಟ್ಟೆಯನ್ನು ಹರವಿಕೊಂಡು ತೋರಿಸುವವನು. ಕುತೂಹಲದಿಂದ ಮುತ್ತಿರುವ ಹುಡುಗರ ನಡುವೆ ನಿಂತು, ಒಂದು ಕೈಯಲ್ಲಿ ಪಟವನ್ನೂ ಮತ್ತೊಂದರಲ್ಲಿ ಕಡ್ಡಿಯನ್ನೂ ಹಿಡಿದು, ಕೋಣವೇರಿದ ಯಮನನ್ನೂ ಪರಲೋಕದ ವೃತ್ತಾಂತವನ್ನೂ ಅವನು ಬಿಡಿಸಿ ಹೇಳುತ್ತಿದ್ದಾನೆ. ಪಟವು ಒಂದೇ, ಹುಡುಗರಿಗೆ ಅದು ಆಟ, ರಾಜಪುತ್ರನಿಗೆ ಅದು ಎದೆಯನ್ನು ಇರಿಯುವ ಅಪಶಕುನ. ಹರ್ಷನು ಸ್ವದುಃಖಕ್ಕೆ ವಶನಾಗಿಯೇ ಬಂದವನು. ಆ ದುಃಖವು ಚಿತ್ರಕ್ಕೆ ಅಡ್ಡಿಯಾಗಲಿಲ್ಲ; ಅದೇ ಚಿತ್ರದೊಳಕ್ಕೆ ಹೋಗುವ ಬಾಗಿಲಾಯಿತು. ಇದನ್ನು ರಸವೆನ್ನಬೇಕೋ ಬರಿಯ ಉದ್ವೇಗವೆನ್ನಬೇಕೋ ಎಂಬುದನ್ನು ಆಲಂಕಾರಿಕರು ವಿಚಾರಿಸಲಿ. ಚಿತ್ರವು ದಾರಿಹೋಕನನ್ನು ಮುಟ್ಟಿತೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ‘ಮುದ್ರಾರಾಕ್ಷಸ’ದಲ್ಲಿಯೂ ಚಾಣಕ್ಯನ ಗೂಢಚಾರನಾದ ನಿಪುಣಕನು ಯಮಪಟವನ್ನು ಹಿಡಿದುಕೊಂಡೇ ಚಂದನದಾಸನ ಮನೆಯನ್ನು ಹೊಗುತ್ತಾನೆ. ಚಾಣಕ್ಯ ರಾಕ್ಷಸರ ಈ ಕಥೆ ಕೆಂಪುನಾರಾಯಣನ ‘ಮುದ್ರಾಮಂಜೂಷ’ದ (1823) ಮೂಲಕ ಕನ್ನಡಿಗರಿಗೆ ಚಿರಪರಿಚಿತ. ಯಾರ ಮನೆಯ ಬಾಗಿಲಿಗಾದರೂ ಅನುಮಾನಕ್ಕೆಡೆಯಿಲ್ಲದೆ ಹೋಗಬಲ್ಲವನೆಂದರೆ ಚಿತ್ರವನ್ನು ತೋರಿಸುವವನು ಎಂಬಷ್ಟರ ಮಟ್ಟಿಗೆ ಆ ವೃತ್ತಿಯು ಅಂದಿನ ನಗರಜೀವನದಲ್ಲಿ ಬೆರೆತಿದ್ದಿತೆಂದು ಇದರಿಂದ ತಿಳಿಯಬಹುದು. ಯಮಪಟಕ್ಕೆ ಮಾತು ಇದ್ದಿತೆಂಬ ಸಂಗತಿಯನ್ನೂ ಗಮನಿಸತಕ್ಕುದು. ತೋರಿಸುವ ಕಡ್ಡಿ, ಹೇಳುವ ಬಾಯಿ ಇವೆರಡೂ ಪಟದ ಜೊತೆಯಲ್ಲಿಯೇ ಬೀದಿಗೆ ಬರುತ್ತಿದ್ದವು.

ಬಿಡುವನ್ನು ಕೊಡುವ ದಾರಿಗೆ ಹಳೇಬೀಡಿನ ಹೊಯ್ಸಳೇಶ್ವರಕ್ಕಿಂತ ಉತ್ತಮವಾದ ನಿದರ್ಶನವನ್ನು ಕಾಣುವುದು ಕಷ್ಟ. ಗುಡಿಯು ಎತ್ತರವಾದ ಜಗತಿಯ ಮೇಲೆ ನಿಂತಿದೆ. ಜಗತಿಯು ಗೋಡೆಯಿಂದ ಹೊರಕ್ಕೆ ಚಾಚಿ, ಗೋಡೆಯ ಅಂಕುಡೊಂಕುಗಳನ್ನೇ ಅನುಸರಿಸಿ ನಡೆಯುವುದಕ್ಕೆ ದಾರಿಯಾಗಿದೆ. ಕೆಳಗಿನಿಂದ ಮೇಲಕ್ಕೆ ಆನೆಯ ಸಾಲು, ಸಿಂಹದ ಸಾಲು, ಬಳ್ಳಿ, ಕುದುರೆಯ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ಪುರಾಣೇತಿಹಾಸಗಳ ಕಥಾಪಟ್ಟಿಕೆ, ಆಮೇಲೆ ಮಕರ, ಹಂಸ. ಇವುಗಳೆಲ್ಲದರ ಮೇಲೆ ದೊಡ್ಡ ದೇವತಾಮೂರ್ತಿಗಳು. ಈ ಕ್ರಮವನ್ನು ಅಲಂಕಾರದ ಸಮೃದ್ಧಿಯೆಂದು ಹೊಗಳಿ ಮುಂದಕ್ಕೆ ಹೋಗುವುದು ವಾಡಿಕೆ. ಆದರೆ ಇದು ನೋಡುವವನ ಕಾಲಿನ ಗತಿಯನ್ನು ಅರಿತು ಮಾಡಿದ ಕ್ರಮ. ಆನೆಗಳು ಒಂದರ ಹಿಂದೊಂದು ಬರುವುದರಿಂದ ಅವನ್ನು ನಡೆಯುತ್ತಲೇ ನೋಡಬಹುದು. ನಿಂತು ನೋಡಿದವನಿಗೆ ಒಂದು ಆನೆಗೂ ಮತ್ತೊಂದಕ್ಕೂ ಇರುವ ಭೇದವು ತಿಳಿಯುವುದು, ನಿಲ್ಲದವನಿಗೂ ನಷ್ಟವಿಲ್ಲ. ಕಥಾಪಟ್ಟಿಕೆಯ ಮುಂದೆ ನಡಿಗೆಯು ತಾನಾಗಿಯೇ ನಿಧಾನವಾಗುತ್ತದೆ. ಮೂರ್ತಿಯ ಮುಂದೆ ಕಾಲು ನಿಲ್ಲುತ್ತದೆ. ಒಂದೇ ಗೋಡೆಯಲ್ಲಿ ಮೂರು ಗತಿಗಳನ್ನು ಹೀಗೆ ಅಳವಡಿಸಿದ ಶಿಲ್ಪಿಗಳು ಪ್ರೇಕ್ಷಕನ ಕಣ್ಣನ್ನು ಮಾತ್ರವಲ್ಲದೆ ಅವನ ಕಾಲನ್ನೂ ಬಲ್ಲವರು. ಪ್ರದಕ್ಷಿಣೆಯೆಂಬ ಆಚಾರವೇ ಇಲ್ಲಿ ಅಭಿನವಗುಪ್ತನು ಹೇಳಿದ ವಾದ್ಯಗಾನಗಳ ಸ್ಥಾನದಲ್ಲಿ ನಿಂತು ಮನಸ್ಸಿಗೆ ಬಿಡುವನ್ನು ಕೊಡುತ್ತದೆ.

ಪ್ರಾಚೀನರ ಹಿರಿಮೆಯನ್ನು ಹೇಳುವಾಗ ಇದರ ಮಿತಿಯನ್ನೂ ಮುಚ್ಚಿಡುವುದು ನ್ಯಾಯವಲ್ಲ. ದೇವಾಲಯದ ಪ್ರಾಕಾರದೊಳಗೆ ಕಾಲಿಡುವ ಹಕ್ಕೇ ನಾಡಿನ ಎಷ್ಟೋ ಮಂದಿಗೆ ಶತಮಾನಗಳ ಕಾಲ ಇರಲಿಲ್ಲ. ಆ ಗೋಡೆಯನ್ನು ‘ಸಾರ್ವಜನಿಕ ಕಲೆ’ಯೆಂದು ಕರೆಯುವವರು ಈ ಸಂಗತಿಯನ್ನು ಮರೆತು ಮಾತನಾಡುತ್ತಾರೆ. ಅಂಗಡಿ ಬೀದಿಯ ಯಮಪಟಕ್ಕೆ ಅಂಥ ಬಾಗಿಲಿರಲಿಲ್ಲ. ಶಿಲ್ಪದ ಪರಿಣತಿಯಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲದಿದ್ದರೂ, ಈ ಒಂದು ವಿಷಯದಲ್ಲಿ ಹರಕು ಬಟ್ಟೆಯ ಪಟವೇ ಮೇಲು.

ಈ ಎರಡು ಅಳತೆಗೋಲುಗಳನ್ನು ಹಿಡಿದು ಬೆಂಗಳೂರಿನ ಪ್ರಯತ್ನಗಳ ಕಡೆಗೆ ತಿರುಗಿದರೆ, ಎಲ್ಲಕ್ಕಿಂತ ದೊಡ್ಡ ಪ್ರಮಾಣದಲ್ಲಿ ನಡೆದುದು ಎಲ್ಲಕ್ಕಿಂತ ಕಡಮೆ ಫಲವನ್ನು ಕೊಟ್ಟಿತೆಂದು ಹೇಳಬೇಕಾಗುತ್ತದೆ. 2009ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ನಗರದ ಮುಖ್ಯ ರಸ್ತೆಗಳ ಉದ್ದಕ್ಕೂ ಇರುವ ಗೋಡೆಗಳ ಮೇಲೆ ಚಿತ್ರಗಳನ್ನು ಬರೆಯಿಸಿತು. ಭಿತ್ತಿಪತ್ರಗಳನ್ನು ಅಂಟಿಸಿಯೂ ಹೇಸಿಗೆ ಮಾಡಿಯೂ ಗೋಡೆಗಳನ್ನು ಕೆಡಿಸುತ್ತಿದ್ದುದನ್ನು ತಡೆಯುವುದು ಮುಖ್ಯವಾದ ಆಶಯ; ನಗರಕ್ಕೆ ಅಂದ ಬರಲೆಂಬುದು ಅದರ ಜೊತೆಗಿನದು. ಮೈಸೂರಿನ ಅರಮನೆ, ಹಂಪೆಯ ಕಲ್ಲಿನ ರಥ, ಜೋಗದ ಜಲಪಾತ, ಯಕ್ಷಗಾನದ ವೇಷ, ಕಾಡಿನ ಮೃಗಗಳು ಗೋಡೆಯಿಂದ ಗೋಡೆಗೆ ಮೂಡಿದವು. ಚಿತ್ರವನ್ನು ಇಲ್ಲಿ ಕಾವಲುಗಾರನ ಕೆಲಸಕ್ಕೆ ನೇಮಿಸಲಾಯಿತು. ಕಾವಲುಗಾರನು ಕಾವಲನ್ನು ಚೆನ್ನಾಗಿಯೇ ಕಾದನೆಂದು ಇಟ್ಟುಕೊಳ್ಳೋಣ. ಆದರೆ ಅವನ ಮುಖವನ್ನು ನೋಡಿದವರು ಯಾರು? ಅರಮನೆಯ ಛಾಯಾಚಿತ್ರವನ್ನು ದಿನದರ್ಶಿಕೆಯಲ್ಲಿಯೂ ಸಿಹಿತಿಂಡಿಯ ಪೊಟ್ಟಣದ ಮೇಲೆಯೂ ನೂರು ಬಾರಿ ಕಂಡವನಿಗೆ ಗೋಡೆಯ ಅರಮನೆಯು ಹೊಸದಾಗಿ ಏನನ್ನೂ ಹೇಳುವುದಿಲ್ಲ. ಅದು ಅವನಿಗೆ ಬಿಡುವನ್ನು ಕೊಡಲಿಲ್ಲ, ಅವನ ಚಿಂತೆಯನ್ನೂ ಮುಟ್ಟಲಿಲ್ಲ. ಅಲ್ಲದೆ ಗೋಡೆಯಿದ್ದ ಸ್ಥಳಕ್ಕೂ ಚಿತ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆಸ್ಪತ್ರೆಯ ಗೋಡೆಯಾದರೂ ಆಟದ ಬಯಲಿನ ಗೋಡೆಯಾದರೂ ಒಂದೇ ಜಲಪಾತ ಸಲ್ಲುವಂತಿದ್ದಿತು. ಕಾವ್ಯದಲ್ಲಿ ಔಚಿತ್ಯಭಂಗಕ್ಕಿಂತ ದೊಡ್ಡ ರಸಭಂಗವಿಲ್ಲವೆಂದು ಹೇಳುವ ಪರಂಪರೆಯವರು ಈ ಅನೌಚಿತ್ಯವನ್ನು ಗಮನಿಸಬೇಕಾಗಿದ್ದಿತು.

ಈ ಪ್ರಯತ್ನದಲ್ಲಿ ನಿಜವಾಗಿ ಮರುಕವನ್ನು ಹುಟ್ಟಿಸುವ ಸಂಗತಿ ಬೇರೊಂದಿದೆ. ಗೋಡೆಗಳ ಮೇಲೆ ಬರೆದವರಲ್ಲಿ ಬಹುಮಂದಿ ಸಿನಿಮಾ ಬ್ಯಾನರುಗಳನ್ನೂ ಕಟೌಟುಗಳನ್ನೂ ಬರೆಯುತ್ತಿದ್ದ ಕುಶಲಿಗಳು. ಯಂತ್ರದಿಂದ ಮುದ್ರಿತವಾದ ಫ್ಲೆಕ್ಸ್ ಹಾಳೆಗಳು ಬಂದ ಮೇಲೆ ಅವರ ವೃತ್ತಿಯು ಕುಸಿದಿದ್ದಿತು. ಪಾಲಿಕೆಯ ಕೆಲಸವು ಅವರಿಗೆ ಕೆಲವು ಕಾಲ ಅನ್ನವನ್ನು ಕೊಟ್ಟಿತೆಂಬುದನ್ನು ಕೃತಜ್ಞತೆಯಿಂದಲೇ ನೆನೆಯತಕ್ಕುದು. ಆದರೆ ಅವರ ವಿದ್ಯೆ ಯಾವುದು? ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ನೆತ್ತಿಯ ಮೇಲೆ, ಓಡುವ ಬಸ್ಸಿನ ಕಿಟಕಿಯಿಂದ ಕ್ಷಣಮಾತ್ರ ಕಾಣುವ ಮುಖದಲ್ಲಿ ಕೋಪವನ್ನೋ ಶೋಕವನ್ನೋ ಪ್ರೇಮವನ್ನೋ ಒಂದೇ ನೋಟಕ್ಕೆ ಮುಟ್ಟಿಸುವ ವಿದ್ಯೆ ಅದು. ಕೆನ್ನೆಗೆ ಹಸಿರು ನೆರಳನ್ನೂ ಹುಬ್ಬಿಗೆ ಕೆಂಪು ಅಂಚನ್ನೂ ಅವರು ಇಡುತ್ತಿದ್ದುದು ಅಜ್ಞಾನದಿಂದಲ್ಲ. ಅಷ್ಟು ದೂರದಿಂದ, ಅಷ್ಟು ವೇಗದಲ್ಲಿ, ಅಂಥ ಬಣ್ಣವಲ್ಲದೆ ಮತ್ತಾವುದೂ ಕಣ್ಣಿಗೆ ಹತ್ತುವುದಿಲ್ಲವೆಂಬ ಅನುಭವದಿಂದ. ಹಳೇಬೀಡಿನ ಶಿಲ್ಪಿಯು ನಡೆಯುವವನ ಗತಿಯನ್ನು ಅರಿತಿದ್ದಂತೆ ಇವರು ಬಸ್ಸಿನಲ್ಲಿ ಹೋಗುವವನ ಗತಿಯನ್ನು ಅರಿತಿದ್ದರು. ನಗರದ ಬೀದಿಗೆ ತಕ್ಕ ಚಿತ್ರವಿದ್ಯೆಯನ್ನು ದಶಕಗಳಿಂದ ಸಾಧಿಸಿಕೊಂಡು ಬಂದವರು ಯಾರಾದರೂ ಇದ್ದರೆ ಅವರೇ. ಅಂಥವರ ಕೈಗೆ ಕುಂಚವನ್ನು ಕೊಟ್ಟು ಛಾಯಾಚಿತ್ರವನ್ನು ನೋಡಿ ನಕಲು ಮಾಡಿರೆಂದು ಹೇಳಿದಂತಾಯಿತು. ಕಥೆಯನ್ನು ಕೊಟ್ಟಿದ್ದರೆ, ಮುಖವನ್ನು ಕೊಟ್ಟಿದ್ದರೆ, ಭಾವವನ್ನು ಕೊಟ್ಟಿದ್ದರೆ ಬೆಂಗಳೂರಿನ ಗೋಡೆಗಳು ಬೇರೆಯಾಗಿರುತ್ತಿದ್ದವು. 2018ರ ಆಗಸ್ಟಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ನಗರದಲ್ಲಿ ಅಕ್ರಮವಾಗಿ ಕಟ್ಟಿದ್ದ ಫ್ಲೆಕ್ಸುಗಳನ್ನು ತೆಗೆಯಿಸಬೇಕೆಂದು ಆಜ್ಞೆ ಮಾಡಿ ಬೀದಿಗಳು ಬರಿದಾದಾಗಲೂ, ಆ ಸ್ಥಳಕ್ಕೆ ಕೈಬರಹದ ಕಲೆಯನ್ನು ಮರಳಿ ತರುವ ಯೋಚನೆಯು ಬಲಗೊಳ್ಳಲಿಲ್ಲ.

ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ನಡೆಸುವ ‘ಚಿತ್ರಸಂತೆ’ಯ ಮಾತು ಬೇರೆ. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳನ್ನು ನಿಲ್ಲಿಸಿ, ಎರಡು ಅಂಚುಗಳಲ್ಲಿಯೂ ನೂರಾರು ಚಿತ್ರಕಾರರು ತಮ್ಮ ಕೃತಿಗಳನ್ನು ಹರವಿಕೊಂಡು ಕೂರುತ್ತಾರೆ. ಪ್ರವೇಶಕ್ಕೆ ಹಣವಿಲ್ಲ. ಕೆಲವು ನೂರು ರೂಪಾಯಿಗಳ ಚಿತ್ರವೂ ಲಕ್ಷದ ಚಿತ್ರವೂ ಒಂದೇ ಬೀದಿಯಲ್ಲಿ ಸಿಕ್ಕುತ್ತವೆ; ಎದುರಿಗೆ ಕುಳಿತವರ ಮುಖವನ್ನು ಅಲ್ಲಿಯೇ ಬರೆದುಕೊಡುವವರೂ ಉಂಟು. ಸಾಂಕ್ರಾಮಿಕದ ಕಾರಣದಿಂದ 2021ರಲ್ಲಿ ಅಂತರ್ಜಾಲದ ಮೂಲಕ ಇದನ್ನು ನಡೆಸಬೇಕಾಗಿ ಬಂದಿತು. ಚಿತ್ರಗಳನ್ನು ತೋರಿಸುವುದಕ್ಕೆ ಅದು ಸಾಕಾಗಿದ್ದಿರಬಹುದು. ಸಂತೆಯೆಂಬ ಹೆಸರಿಗೆ ಸಾಲದು.

ಈ ಸಂತೆಯನ್ನು ಕುರಿತು ಕಲಾರಸಿಕರಲ್ಲಿ ಒಂದು ಬಗೆಯ ತಿರಸ್ಕಾರವುಂಟು: ಅಲ್ಲಿ ಬುದ್ಧನ ಮುಖ, ಗಣಪತಿ, ಓಡುವ ಕುದುರೆ ಇವುಗಳೇ ಮತ್ತೆ ಮತ್ತೆ ಬರುತ್ತವೆ, ಕೊಳ್ಳುವವನ ಗೋಡೆಯ ಬಣ್ಣಕ್ಕೆ ಹೊಂದುವ ಚಿತ್ರವೇ ಬಿಕರಿಯಾಗುತ್ತದೆ ಎಂದು. ಆಕ್ಷೇಪಣೆಯು ಪೂರ್ತಿಯಾಗಿ ಸುಳ್ಳಲ್ಲ. ಆದರೆ ಸಂತೆಯ ಬೆಲೆಯನ್ನು ಬಿಕರಿಯಾದ ಚಿತ್ರಗಳಿಂದ ಕಟ್ಟುವುದು ಸರಿಯಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಒಂದೇ ಚಿತ್ರದಲ್ಲಿ ಬೇರೆ ಬೇರೆ ಬಗೆಯ ನೋಟಕರು ಬೇರೆ ಬೇರೆ ಗುಣಗಳನ್ನು ಮೆಚ್ಚುವರೆಂದು ಹೇಳಿ, ರೇಖೆಯ ಮೆಚ್ಚುಗೆಯನ್ನು ಆಚಾರ್ಯರಿಗೂ ಬಣ್ಣದ ಸಮೃದ್ಧಿಯ ಮೆಚ್ಚುಗೆಯನ್ನು ಸಾಮಾನ್ಯ ಜನರಿಗೂ ಹಂಚಿಕೊಟ್ಟಿದೆ. ನೋಟಕರಲ್ಲಿ ಭೇದವುಂಟೆಂದು ಕಂಡುಕೊಂಡುದು ಶಾಸ್ತ್ರದ ಸೂಕ್ಷ್ಮತೆ. ಆ ಭೇದವನ್ನು ಅಂತಸ್ತಿಗೆ ತಕ್ಕಂತೆ ಗೊತ್ತುಮಾಡಿದುದು ಅದರ ಕಾಲದ ಮಿತಿ. ಅಕ್ಕಸಾಲೆಯ ಕೆಲಸ ಮಾಡಿದವನ ಕಣ್ಣು ರೇಖೆಯನ್ನು ಹಿಡಿಯುವಂತೆ ಎಷ್ಟೋ ಮಂದಿ ವಿದ್ಯಾವಂತರ ಕಣ್ಣು ಹಿಡಿಯಲಾರದು. ಸೀರೆಯ ಅಂಚನ್ನು ನೇಯ್ದವಳಿಗೆ ಬಣ್ಣದ ಪಕ್ಕದಲ್ಲಿ ಬಣ್ಣವನ್ನಿಡುವ ಮರ್ಮವನ್ನು ಯಾರೂ ಕಲಿಸಬೇಕಾಗಿಲ್ಲ. ಇಂಥವರು ಚಿತ್ರಶಾಲೆಯ ಮೆಟ್ಟಿಲನ್ನು ಹತ್ತಲು ಅಳುಕುತ್ತಾರೆ. ಸಂತೆಗೆ ಬರಲು ಅಳುಕುವುದಿಲ್ಲ. ಬಂದು ‘ಇದೇನು?’, ‘ಇಷ್ಟೇಕೆ ಬೆಲೆ?’ ಎಂದು ಬರೆದವನನ್ನೇ ಕೇಳುತ್ತಾರೆ. ಬೆಲೆಯನ್ನು ಕುರಿತ ಆ ಪ್ರಶ್ನೆಗೆ ಉತ್ತರ ಹೇಳಹೊರಟ ಚಿತ್ರಕಾರನು ತನ್ನ ಶ್ರಮವನ್ನೂ ಸಾಮಗ್ರಿಯನ್ನೂ ಉದ್ದೇಶವನ್ನೂ ವಿವರಿಸಬೇಕಾಗುತ್ತದೆ. ಯಮಪಟ್ಟಿಕನ ಕಡ್ಡಿಯೂ ಬಾಯಿಯೂ ಅಲ್ಲಿ ಮರಳಿ ಬರುತ್ತವೆ. ನೋಟಕನು ಉತ್ತರ ಕೊಡಬಲ್ಲ, ಒಪ್ಪದಿರಬಲ್ಲ, ಚೌಕಾಸಿ ಮಾಡಬಲ್ಲ. ಚೌಕಾಸಿಯೂ ಒಂದು ಬಗೆಯ ವಿಮರ್ಶೆಯೇ.

ಸಂತೆಯ ನಿಜವಾದ ಕೊರತೆ ಬೇರೆ. ನೂಕುನುಗ್ಗಲು ಎಷ್ಟೆಂದರೆ ಮಧ್ಯಾಹ್ನದ ಹೊತ್ತಿಗೆ ನಿಲ್ಲುವುದೇ ಅಸಾಧ್ಯವಾಗುತ್ತದೆ. ಹಿಂದಿನವರು ತಳ್ಳಿದ ಕಡೆಗೆ ಮುಂದಿನವರು ಹೋಗಬೇಕು. ಬಿಡುವನ್ನು ಕೊಡಲು ಬಂದ ಬೀದಿಯು ಜನಪ್ರಿಯತೆಯ ಭಾರದಿಂದಲೇ ಅದನ್ನು ಕಸಿದುಕೊಳ್ಳುತ್ತದೆ. ವರ್ಷದ ಮಿಕ್ಕ ದಿನಗಳಲ್ಲಿ ಆ ರಸ್ತೆಯಲ್ಲಿ ಓಡುವುದು ಮೋಟಾರು ಮಾತ್ರ.

ದಾರಿಹೋಕನ ಚಿಂತೆಯನ್ನೇ ವಸ್ತುವನ್ನಾಗಿ ಮಾಡಿಕೊಂಡ ಪ್ರಯತ್ನವೆಂದರೆ ಬಾದಲ್ ನಂಜುಂಡಸ್ವಾಮಿಯವರ ಮೊಸಳೆ. 2015ರ ಜೂನಿನಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ಬಹುಕಾಲದಿಂದ ಬಾಯಿಬಿಟ್ಟುಕೊಂಡಿದ್ದ ಗುಂಡಿಯೊಂದಕ್ಕೆ ಹಸಿರು ಬಣ್ಣವನ್ನು ಬಳಿದು ಕೊಳವನ್ನಾಗಿ ಮಾಡಿ, ತಾವು ತಯಾರಿಸಿದ ದೊಡ್ಡ ಮೊಸಳೆಯೊಂದನ್ನು ಅವರು ಅದರಲ್ಲಿ ಮಲಗಿಸಿದರು. ಜನ ನಿಂತರು, ನಕ್ಕರು; ಸುದ್ದಿ ಎಲ್ಲೆಲ್ಲಿಯೂ ಹಬ್ಬಿತು; ಗುಂಡಿಯೂ ಬೇಗನೆ ಮುಚ್ಚಿತು. 2019ರಲ್ಲಿ ಹೇರೋಹಳ್ಳಿಯ ಕಡೆಯ ಗುಂಡಿಬಿದ್ದ ರಸ್ತೆಯೊಂದರಲ್ಲಿ ಗಗನಯಾತ್ರಿಯ ವೇಷದವರೊಬ್ಬರನ್ನು ಚಂದ್ರನ ಮೇಲೆ ನಡೆಯುವಂತೆ ನಡೆಯಿಸಿ ತೆಗೆದ ಅವರ ಚಲಚ್ಚಿತ್ರವೂ ಇದೇ ಜಾತಿಯದು. ಚಿತ್ರಸೂತ್ರವು ಮನೆಗಳಲ್ಲಿ ಬರೆಯಲು ಶೃಂಗಾರ, ಹಾಸ್ಯ, ಶಾಂತಗಳು ತಕ್ಕುವೆಂದು ಹೇಳಿದೆ. ಬೀದಿಗೆ ಯಾವ ರಸವು ತಕ್ಕುದೆಂದು ಕೇಳಿದರೆ, ಈ ಮೊಸಳೆಯನ್ನು ಕಂಡವರು ಹಾಸ್ಯಕ್ಕೆ ಮೊದಲ ಸ್ಥಾನವನ್ನು ಕೊಟ್ಟಾರು. ಹಾಸ್ಯಕ್ಕೆ ಸಿದ್ಧತೆ ಬೇಡ. ಗುಂಡಿಯನ್ನು ತಪ್ಪಿಸಿಕೊಂಡು ಹೋಗುವ ಬೇಸರವೇ ಅಲ್ಲಿ ವಿಭಾವ. ಸ್ಥಳಕ್ಕೂ ಕೃತಿಗೂ ಇರುವ ಸಂಬಂಧವು ಅಷ್ಟು ಬಿಗಿಯಾಗಿರುವುದರಿಂದ ಅದೇ ಮೊಸಳೆಯನ್ನು ಚಿತ್ರಶಾಲೆಗೆ ಒಯ್ದರೆ ಬರಿಯ ಗೊಂಬೆಯಾಗುತ್ತದೆ. ಇದನ್ನು ಕಲೆಯೆನ್ನಬಹುದೆ, ಕುಚೇಷ್ಟೆಯೆನ್ನಬೇಕೆ ಎಂದು ಮೂಗು ಮುರಿದವರಿಗೆ ಔಚಿತ್ಯದ ದೃಷ್ಟಿಯಿಂದ ಇಷ್ಟು ಉತ್ತರ ಸಾಕು. ಆದರೆ ಈ ದಾರಿಯ ಅಪಾಯವನ್ನೂ ಹೇಳಬೇಕು. ಕೃತಿಯ ಅರ್ಥವು ಒಂದೇ ನಗೆಯಲ್ಲಿ ತೀರಿಹೋಗುತ್ತದೆ. ಎರಡನೆಯ ಬಾರಿ ನೋಡಿದವನಿಗೆ ಹೊಸದೇನೂ ದೊರೆಯದು. ಅದನ್ನು ರಸ್ತೆಯಲ್ಲಿ ಕಂಡವರಿಗಿಂತ ದೂರವಾಣಿಯ ಪರದೆಯ ಮೇಲೆ ಕಂಡವರೇ ಹೆಚ್ಚು ಮಂದಿ ಎಂಬುದೂ ಯೋಚಿಸತಕ್ಕ ವಿಷಯ. ಅವರಿಗೆ ಅದು ಬೀದಿಯ ಕಲೆಯಾಗಿ ಬರಲಿಲ್ಲ, ಸುದ್ದಿಯಾಗಿ ಬಂದಿತು.

ಮೆಟ್ರೋ ರೈಲಿನ ಕಡೆಗೆ ಒಂದು ನೋಟ ಸಾಕು. ಮಹಾತ್ಮಗಾಂಧಿ ರಸ್ತೆಯಲ್ಲಿ ಮೇಲುದಾರಿಯ ಕೆಳಗೆ ‘ರಂಗೋಲಿ’ ಎಂಬ ಹೆಸರಿನ ಕಲಾಕೇಂದ್ರವು 2013ರಲ್ಲಿ ಏರ್ಪಟ್ಟಿತು. ಹೆಸರೇನೋ ಸುಂದರವಾದುದು. ಆದರೆ ರಂಗೋಲಿಯು ದಿನವೂ ಹೊಸಿಲ ಮುಂದೆ ಬಯಲಿನಲ್ಲಿ ಮೂಡಿ, ದಾರಿಹೋಕರ ಕಾಲಿನಿಂದಲೇ ಅಳಿದು, ಮರುದಿನ ಬೇರೊಂದು ರೂಪದಲ್ಲಿ ಹುಟ್ಟುವ ಕಲೆ. ಈ ಕೇಂದ್ರದ ಪ್ರದರ್ಶನಗಳು ನಡೆಯುವುದು ಮುಚ್ಚಿದ ಕೋಣೆಗಳಲ್ಲಿ. ಅದಕ್ಕಿಂತ ವಿಚಾರಾರ್ಹವಾದುದು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ನಡೆದ ಕೆಲಸ. ಸೃಷ್ಟಿ ಕಲಾಶಾಲೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಪೀಣ್ಯದ ನಿಲ್ದಾಣದಲ್ಲಿ ಕೆಲಸಕ್ಕೆ ತೊಡಗಿ, ಆಮೇಲೆ 2016ರಲ್ಲಿ ಸಂಚಾರಕ್ಕೆ ತೆರೆದ ಈ ನೆಲದಡಿಯ ನಿಲ್ದಾಣದ ಗೋಡೆ ಕಂಬಗಳಿಗೂ ಚಿತ್ರವನ್ನು ತಂದರು. ನಿಲ್ದಾಣದಲ್ಲಿ ನೋಟಕನಿಗೆ ಎರಡು ಗತಿಗಳುಂಟು: ಮೆಟ್ಟಿಲಿಳಿದು ಒಳಕ್ಕೆ ಹೋಗುವಾಗಿನ ಅವಸರ, ಗಾಡಿಗಾಗಿ ಕಾಯುವಾಗಿನ ಬೇಸರ. ಮೊದಲನೆಯದಕ್ಕೆ ಆನೆಯ ಸಾಲು ಬೇಕು, ಎರಡನೆಯದಕ್ಕೆ ಕಥಾಪಟ್ಟಿಕೆ ಬೇಕು. ಕಾಯುವವನ ಎದುರಿನ ಗೋಡೆಯೇ ಚಿತ್ರಕ್ಕೆ ಅತ್ಯುತ್ತಮವಾದ ಸ್ಥಳ. ಜಾಹೀರಾತಿಗೂ ಅತ್ಯಂತ ಬೆಲೆಬಾಳುವ ಸ್ಥಳ ಅದೇ ಆಗಿರುವುದರಿಂದ ಚಿತ್ರವು ಸಾಮಾನ್ಯವಾಗಿ ಓಡುವ ದಾರಿಗೆ ತಳ್ಳಲ್ಪಡುತ್ತದೆ. ಲಂಡನ್ನಿನ ನೆಲದಡಿಯ ರೈಲಿನ ಪ್ರಚಾರದ ಹೊಣೆಯನ್ನು 1908ರಲ್ಲಿ ವಹಿಸಿಕೊಂಡ ಫ್ರ್ಯಾಂಕ್ ಪಿಕ್ ಎಂಬಾತನು ಈ ಜಗಳವನ್ನು ಜಾಣ್ಮೆಯಿಂದ ಬಗೆಹರಿಸಿದನು: ರೈಲಿನ ಜಾಹೀರಾತನ್ನೇ ಒಳ್ಳೆಯ ಚಿತ್ರಕಾರರಿಂದ ಬರೆಯಿಸಿ, ಕಾಯುವವನ ಕಣ್ಣ ಮುಂದೆ ಅಂಟಿಸಿದನು.

ಹೊಸ ಕಟ್ಟಡ, ಹೊಸ ಉತ್ಸವಗಳಿಗಿಂತ ಮುಂಚೆ ನಗರದಲ್ಲಿ ಜನ ಕಾಯುತ್ತ ಕೂರುವ ಸ್ಥಳಗಳಾವುವೆಂದು ಹುಡುಕುವುದು ಸುಲಭವಾದ ಕೆಲಸ. ಬಸ್ಸಿನ ನಿಲ್ದಾಣ, ಸರ್ಕಾರಿ ಆಸ್ಪತ್ರೆಯ ಹೊರಜಗಲಿ, ನ್ಯಾಯಾಲಯದ ಮೊಗಸಾಲೆ, ತಾಲ್ಲೂಕು ಕಚೇರಿಯ ಬೆಂಚು: ಇಲ್ಲಿ ಕಾಯುವವರಿಗೆ ಬಿಡುವನ್ನು ಯಾರೂ ಸೃಷ್ಟಿಸಿಕೊಡಬೇಕಾಗಿಲ್ಲ, ಅದು ಬೇಕಾದುದಕ್ಕಿಂತ ಹೆಚ್ಚಾಗಿಯೇ ಇದೆ. ಕೆ. ವೆಂಕಟಪ್ಪನವರು (1886–1965) ನೀಲಗಿರಿಯ, ಕೊಡೈಕನಾಲಿನ ಮಂಜನ್ನೂ ಬೆಳಕನ್ನೂ ಜಲವರ್ಣದಲ್ಲಿ ಹಿಡಿದ ಚಿತ್ರಗಳು ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನಲ್ಲಿಯೇ ಇರುವ ಚಿತ್ರಶಾಲೆಯ ಸೊತ್ತು. ಅವು ಸದ್ದಿಲ್ಲದ ಚಿತ್ರಗಳು. ಓಡುವವನಿಗೆ ಕಾಣಿಸಲಾರವು, ಕುಳಿತವನಿಗೆ ಮೆಲ್ಲನೆ ತೆರೆದುಕೊಳ್ಳುತ್ತವೆ. ಮೂಲವನ್ನು ಅಲುಗಿಸದೆ ಒಳ್ಳೆಯ ಪ್ರತಿಗಳನ್ನು ಮಾಡಿಸಿ, ಕುಳಿತವನ ಕಣ್ಣಿನ ಎತ್ತರಕ್ಕೆ ಕಟ್ಟಿ, ಯಾವ ಬೆಟ್ಟ, ದಿನದ ಯಾವ ಹೊತ್ತು, ಬರೆದವರು ಯಾರು ಎಂಬಷ್ಟನ್ನು ಕೆಳಗೆ ದಪ್ಪಕ್ಷರದ ಕನ್ನಡದಲ್ಲಿ ಬರೆಯಿಸುವುದಕ್ಕೆ ಒಂದು ಗೋಡೆಯ ಅರಮನೆಗೆ ತಗಲುವಷ್ಟು ಹಣವೂ ಬೇಕಾಗದು.